ಅಥೆನ್ಸ್ ಪಕ್ಕದ ಗಣಿಯೂರು ಲಾವ್ರಿಯೊ: ಬಸ್ಸಲ್ಲಿ ಹೋಗಿಬಂದ ನನ್ನ ಅನುಭವ

ಅಥೆನ್ಸ್‌ನಲ್ಲಿ ಆಫೀಸ್ ಕೆಲಸ ಗುರುವಾರಕ್ಕೆ ಮುಗಿಯಿತು. ವಾಪಸ್ ವಿಮಾನ ಶನಿವಾರ. ನಡುವೆ ಶುಕ್ರವಾರ ಪೂರ್ತಿ ನನ್ನದು. ಜೊತೆಯಲ್ಲಿದ್ದವರೆಲ್ಲ ಹಡಗು ಹತ್ತಿ ಯಾವುದಾದರೂ ದ್ವೀಪಕ್ಕೆ ಹೋಗೋಣ ಅಂದರು. ಒಂದೇ ದಿನ ಇಟ್ಟುಕೊಂಡು ದ್ವೀಪಕ್ಕೆ ಹೋದರೆ ಅರ್ಧ ದಿನ ಹಡಗಲ್ಲೇ ಕಳೆಯುತ್ತದೆ. ನಾನು ಲಾವ್ರಿಯೊಗೆ ಹೋಗ್ತೀನಿ ಅಂದೆ. "ಅಲ್ಲೇನಿದೆ?" ಅಂತ ಅಥೆನ್ಸ್‌ನ ಸಹೋದ್ಯೋಗಿಯೊಬ್ಬರೇ ಕೇಳಿದರು. ಅವರ ಪ್ರಕಾರ ಅದು ಸೂನಿಯೊದ ಗುಡಿ ನೋಡಲು ಹೋಗುವವರು, ಇಲ್ಲವೇ ಕೇಯಾ ದ್ವೀಪದ ಹಡಗಿಗೆ ಕಾಯುವವರು ಕಾಫಿ ಕುಡಿಯುವ ಊರು, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಚಾಂಪಿಯನ್ ರೀಫ್ ಕಡೆ ಅದಿರು ಅರೆಯುವ ಮಿಲ್ಲಿನಲ್ಲಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಎರಡೂವರೆ ಸಾವಿರ ವರ್ಷದ ಹಿಂದೆ ಬೆಳ್ಳಿ ತೆಗೆದ ಗಣಿಯೊಂದು ಸಮುದ್ರದ ದಡದಲ್ಲಿದೆ ಅಂದರೆ ನಾನು ಹೋಗದೆ ಇರೋಕಾಗುತ್ತಾ? ಶಾಕಾಹಾರಿ ಗೆಳೆಯನೊಬ್ಬನನ್ನೂ ಎಳೆದುಕೊಂಡು ಹೊರಟೆ.

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಎಡವಟ್ಟಾದದ್ದು ಅಲ್ಲೇ. ಲಾವ್ರಿಯೊ ಅಥೆನ್ಸ್‌ನಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್. ಮೆಟ್ರೋದ ಹಸಿರು ಲೈನಿನಲ್ಲಿ ವಿಕ್ಟೋರಿಯಾ ಸ್ಟೇಷನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಪೆದಿಯೊನ್ ತೂ ಆರಿಯೊಸ್ ಅನ್ನುವ ದೊಡ್ಡ ಪಾರ್ಕು. ಅದರ ಪಕ್ಕದ ರಸ್ತೆಯಲ್ಲಿ ಕಿತ್ತಳೆ ಬಣ್ಣದ ಜಿಲ್ಲಾ ಬಸ್ಸುಗಳು ನಿಲ್ಲುತ್ತವೆ. ಎರಡು ದಾರಿ ಇವೆ. ಸಮುದ್ರದ ಅಂಚಲ್ಲೇ ಸೂನಿಯೊಗೆ ಹೋಗುವುದು ಒಂದು. ಒಳನಾಡಲ್ಲಿ ಮಾರ್ಕೊಪೂಲೊ, ಕೆರಾತೆಯಾ ಹಾದು ಲಾವ್ರಿಯೊಗೆ ಹೋಗುವುದು ಇನ್ನೊಂದು. ಬೋರ್ಡು ಗ್ರೀಕಿನಲ್ಲಿ. ಕಾಲೇಜಿನ ಫಿಸಿಕ್ಸ್ ಪುಣ್ಯದಿಂದ ಟೆಂಟಿನ ಆಕಾರದ ಲ್ಯಾಂಬ್ಡಾ ಗುರುತು ಸಿಕ್ಕಿತು. ಇಂಗ್ಲಿಷ್ ಪಿ ತರಹ ಕಾಣುವುದು ರಕಾರ ಅಂತಲೂ ನೆನಪಾಯಿತು.

ಆದರೂ ಖಾತ್ರಿಗೆ ಡ್ರೈವರ್ ಹತ್ತಿರ ಹೋಗಿ "ಲಾವ್ರಿಯೊ?" ಅಂದೆ. ಆತ "ನೇ" ಅಂದ. ನಾನು ಥ್ಯಾಂಕ್ಸ್ ಹೇಳಿ ಕೆಳಗಿಳಿದೆ. ಬಸ್ಸು ಹೊರಟುಹೋಯಿತು. ಗ್ರೀಕಿನಲ್ಲಿ "ನೇ" ಅಂದರೆ ಹೌದು! ಇಲ್ಲ ಅನ್ನುವುದಕ್ಕೆ "ಓಹಿ" ಅಂತಾರೆ, ಅಥವಾ ಬಾಯಿಬಿಡದೆ ಹುಬ್ಬು ಮೇಲೆತ್ತಿ "ಚ್" ಅಂತಾರೆ. ಆ "ಚ್" ನಮ್ಮೂರಲ್ಲೂ ಇದೆ, ಅದರಲ್ಲಿ ಮೋಸ ಹೋಗುವುದಿಲ್ಲ. "ನೇ" ಮಾತ್ರ ಎಚ್ಚರ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಫುಟ್‌ಪಾತಿನಲ್ಲಿ ನಿಂತಿದ್ದೆವು. ಗೆಳೆಯ ಆ ಮುಕ್ಕಾಲು ಗಂಟೆಯ ವಿಷಯ ಇವತ್ತಿಗೂ ಎತ್ತುತ್ತಾನೆ.

ಟಿಕೆಟ್ ಬಸ್ಸಲ್ಲೇ ಕೊಟ್ಟರು. ಚಿಲ್ಲರೆ ಇಟ್ಟುಕೊಂಡಿರಿ. ಪ್ರಯಾಣ ಹತ್ತಿರಹತ್ತಿರ ಎರಡು ಗಂಟೆ. ದಾರಿಯಲ್ಲಿ ದ್ರಾಕ್ಷಿ ತೋಟ, ಆಲಿವ್ ಮರ, ನಡುನಡುವೆ ಗೋಡೌನುಗಳು. 1885ರಲ್ಲಿ ಇದೇ ಊರಿಗೆ ಅಥೆನ್ಸ್‌ನಿಂದ ರೈಲು ಹಾಕಿದ್ದರಂತೆ, 1957ರಲ್ಲಿ ನಿಲ್ಲಿಸಿದರು. ಈಗಲೂ ರೈಲು ಇದ್ದಿದ್ದರೆ ನಾನು "ನೇ" ಕಲಿಯುತ್ತಲೇ ಇರಲಿಲ್ಲ. ಇಳಿದ ತಕ್ಷಣ ವಾಪಸ್ ಬಸ್ಸಿನ ಸಮಯಪಟ್ಟಿಯ ಫೋಟೋ ತೆಗೆದುಕೊಂಡುಬಿಡಿ. ಕೊನೆಯ ಬಸ್ಸು ತಪ್ಪಿದರೆ ಟ್ಯಾಕ್ಸಿಗೆ ಜೇಬು ಖಾಲಿ.

ಊರು ಮೊದಲ ನೋಟಕ್ಕೆ ಫೋಟೋದಲ್ಲಿ ಬರುವ ಗ್ರೀಸ್ ಅಲ್ಲ. ಬಿಳಿ ಗೋಡೆ, ನೀಲಿ ಬಾಗಿಲು ಹುಡುಕಬೇಡಿ. ಬಂದರು, ಒಂದಷ್ಟು ದೋಣಿ, ಹಾಯಿ ಹಡಗು, ಕೆಫೆಗಳಲ್ಲಿ ಗಂಟೆಗಟ್ಟಲೆ ಒಂದೇ ಲೋಟ ಐಸ್ ಕಾಫಿ ಹಿಡಿದು ಕೂತ ಹಿರಿಯರು. ಹಿಂದೆ ಕುರುಚಲು ಗುಡ್ಡ, ಅಲ್ಲಲ್ಲಿ ಹೊಗೆಗೊಳವೆ. ನೀರಿನೊಳಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಕಟ್ಟೆ ಕಾಣುತ್ತದೆ. ಫ್ರೆಂಚ್ ಸ್ಕಾಲಾ ಅಂತ ಹೆಸರು. ಇಲ್ಲಿನ ಗಣಿ ನಡೆಸುತ್ತಿದ್ದ ಫ್ರೆಂಚ್ ಕಂಪನಿ ಹಡಗಿಗೆ ಸರಕು ತುಂಬುತ್ತಿದ್ದದ್ದು ಅಲ್ಲಿಂದ. ತುಕ್ಕು ಹಿಡಿದ ಅದರ ಕಂಬಗಳನ್ನು ನೋಡಿದರೆ ನಮ್ಮೂರಿನ ಗಣಿಬಾವಿಗಳ ಮೇಲೆ ನಿಲ್ಲುವ ಕಬ್ಬಿಣದ ಗೋಪುರ, ಹೆಡ್‌ಗೇರ್, ಸಮುದ್ರಕ್ಕೆ ಅಡ್ಡ ಮಲಗಿದ ಹಾಗಿತ್ತು.

ಸಮುದ್ರದಾಚೆ ಎದುರಿಗೇ ಉದ್ದಕ್ಕೆ ಮಲಗಿದ ಬೋಳು ದ್ವೀಪವೊಂದು ಕಾಣುತ್ತದೆ. ನಾನು ಸುಮ್ನೆ ಫೋಟೋ ತೆಗೆದೆ. ಆಮೇಲೆ ತಿಳಿಯಿತು, ಅದು ಮಾಕ್ರೊನಿಸೊಸ್. 1947ರಿಂದ ಎಡಪಂಥೀಯ ಸೈನಿಕರನ್ನೂ ರಾಜಕೀಯ ಕೈದಿಗಳನ್ನೂ ಕೂಡಿಹಾಕಿದ ಜಾಗ. ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್, ಕವಿ ಯಾನಿಸ್ ರಿತ್ಸೊಸ್ ಇಬ್ಬರೂ ಅಲ್ಲಿದ್ದರು. ಕಾಫಿ ಕುಡಿಯುತ್ತಾ ನೋಡುವಷ್ಟು ಹತ್ತಿರ.

ಈ ಊರು ಎರಡು ಸಲ ಹುಟ್ಟಿದೆ. ಮೊದಲ ಸಲದ ಕತೆ ಸ್ಕೂಲಿನ ಇತಿಹಾಸ ಪುಸ್ತಕದಲ್ಲಿ ಅಡಗಿದೆ. ಕ್ರಿ.ಪೂ. 483ರ ಸುಮಾರಿಗೆ ಇಲ್ಲಿ ಭಾರಿ ಬೆಳ್ಳಿ ಸಿಕ್ಕಿತು. ದುಡ್ಡನ್ನು ಜನರಿಗೆ ಹಂಚೋಣ ಅಂತ ಮಾತಿತ್ತು. ಥೆಮಿಸ್ಟೊಕ್ಲೀಸ್ ಅನ್ನುವ ಅಥೆನ್ಸ್ ನಾಯಕ ಬೇಡ, ಯುದ್ಧದ ಹಡಗು ಕಟ್ಟಿಸೋಣ ಅಂತ ಒಪ್ಪಿಸಿದ. ಮೂರೇ ವರ್ಷಕ್ಕೆ ಸಲಾಮಿಸ್‌ನ ಸಮುದ್ರ ಯುದ್ಧದಲ್ಲಿ ಪರ್ಷಿಯನ್ನರು ಸೋತದ್ದು ಆ ಹಡಗುಗಳಿಂದ. ಗೂಬೆ ಚಿತ್ರದ ಅಥೆನ್ಸ್ ನಾಣ್ಯ ನೋಡಿರಬಹುದು, ಅದರ ಬೆಳ್ಳಿಯೂ ಇಲ್ಲಿಯದೇ. ಕೆಳಗಿಳಿದು ಅಗೆದವರು ಗುಲಾಮರು. ನಿಸಿಯಾಸ್ ಅನ್ನುವ ಶ್ರೀಮಂತ ಸಾವಿರ ಗುಲಾಮರನ್ನು ತಲೆಗೆ ದಿನಕ್ಕೆ ಒಂದು ಓಬೊಲ್ ಅನ್ನುವ ಚಿಕ್ಕ ನಾಣ್ಯದಂತೆ ಬಾಡಿಗೆಗೆ ಬಿಟ್ಟಿದ್ದ ಅಂತ ಆ ಕಾಲದ ಗ್ರೀಕ್ ಲೇಖಕ ಜೆನೊಫೊನ್ ಬರೆದಿದ್ದಾನೆ. ಲೇಬರ್ ಕಾಂಟ್ರಾಕ್ಟ್ ಹೊಸದೇನಲ್ಲ, ಅಲ್ವಾ?

ಎರಡನೇ ಹುಟ್ಟು 1860ರ ದಶಕದ್ದು. ಸೆರ್ಪಿಯೇರಿ ಅನ್ನುವ ಇಟಲಿಯವ ಬಂದ. ಹೊಸದಾಗಿ ಅಗೆಯುವ ಮೊದಲು ಹಳಬರು ಕರಗಿಸಿ ಬಿಸಾಡಿದ್ದ ಕಿಟ್ಟದ ರಾಶಿಯನ್ನೇ ಮತ್ತೆ ಕರಗಿಸಿದ. ಅದರಲ್ಲಿ ಅಷ್ಟು ಸೀಸ, ಬೆಳ್ಳಿ ಉಳಿದಿತ್ತು. ಕಸ ಯಾರದು, ಕಂಪನಿಯದೋ ದೇಶದ್ದೋ ಅಂತ ಸರ್ಕಾರದ ಜೊತೆ ದೊಡ್ಡ ಜಗಳವೇ ಆಯಿತು. 1873ರಲ್ಲಿ ಸಿಂಗ್ರೊಸ್ ಅನ್ನುವ ಬ್ಯಾಂಕರ್ ಕಂಪನಿ ಕೊಂಡ. ಲಾವ್ರಿಯೊ ಗುಡ್ಡದಲ್ಲಿ ಚಿನ್ನವೇ ಇದೆ ಅನ್ನುವ ಸುದ್ದಿಗೆ ಅಥೆನ್ಸ್ ಜನ ಮುಗಿಬಿದ್ದು ಷೇರು ಕೊಂಡರು, ಕೊನೆಗೆ ಕೈ ಸುಟ್ಟುಕೊಂಡರು. ಆಮೇಲೆ ಫ್ರೆಂಚ್ ಕಂಪನಿ ನೂರು ವರ್ಷಕ್ಕೂ ಜಾಸ್ತಿ ನಡೆಸಿತು. ನಮ್ಮ ಕೆಜಿಎಫ್ ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದದ್ದು 1880ರಲ್ಲಿ. ಅಂದರೆ ಎರಡು ಊರೂ ಹೆಚ್ಚುಕಮ್ಮಿ ಒಂದೇ ಓರಗೆಯವು.

ಫ್ರೆಂಚ್ ಕಂಪನಿಯ ಫ್ಯಾಕ್ಟರಿ ಈಗ ಅಥೆನ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಕೈಯಲ್ಲಿದೆ. ಟೆಕ್ನಾಲಜಿ ಪಾರ್ಕು ಅಂತಾರೆ. ಪಕ್ಕದಲ್ಲಿ ಕಿಪ್ರಿಯಾನೊಸ್ ಅನ್ನುವ ಕಾರ್ಮಿಕರ ಬಡಾವಣೆ. ಒಳಗೆ ಕಲ್ಲಿನ ಶೆಡ್ಡುಗಳು, ಎತ್ತರದ ಚಿಮಣಿ. ಕೆಲವನ್ನು ರಿಪೇರಿ ಮಾಡಿ ಆಫೀಸು, ಲ್ಯಾಬು ಮಾಡಿಕೊಂಡಿದ್ದಾರೆ, ಕೆಲವು ಹಾಗೇ ಇವೆ. ನನಗೆ ಹಿಡಿಸಿದ್ದು ಕಣ್ಣಿಗೆ ಕಾಣದ ಒಂದು ಕೆಲಸ. ಆರ್ಸೆನಿಕ್ ತುಂಬಿದ ವಿಷದ ಮಣ್ಣನ್ನು ಬಗೆದು, ಅಲ್ಲೇ ನೆಲದಡಿ ಕೋಣೆ ಮಾಡಿ ಮುಚ್ಚಿಟ್ಟಿದ್ದಾರೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು, ನಮ್ಮೂರಿನ ಸೈನೈಡ್ ದಿಬ್ಬಗಳು, ಗಾಳಿಗೆ ಬೂದಿ ಎರಚುತ್ತಾ ನಿಂತಿರುವುದು ನೆನಪಾಯಿತು. ಬೇಸಿಗೆಯಲ್ಲಿ ಅಮ್ಮ ಒಗೆದ ಬಟ್ಟೆಯನ್ನು ಒಳಗೇ ಒಣಹಾಕುತ್ತಿದ್ದಳು.

ಲಾವ್ರಿಯೊದ ಸುತ್ತ ಕೆಲವು ದಡಗಳಲ್ಲಿ ಮರಳಿಗಿಂತ ಕಿಟ್ಟವೇ ಜಾಸ್ತಿ. ಕಪ್ಪಗೆ, ಗಾಜಿನ ಹಾಗೆ ಹೊಳೆಯುವ ತುಂಡುಗಳು. ಸಮುದ್ರದ ಉಪ್ಪುನೀರು ಶತಮಾನಗಟ್ಟಲೆ ಈ ಕಿಟ್ಟದ ಸೀಸದ ಜೊತೆ ಬೆರೆತು, ತೂತುಗಳೊಳಗೆ ಹೊಸ ಖನಿಜಗಳೇ ಹುಟ್ಟಿವೆ. ಅದರಲ್ಲೊಂದಕ್ಕೆ ಊರಿನದೇ ಹೆಸರು, ಲಾರಿಯೊನೈಟ್. ಜಗತ್ತಿನ ಖನಿಜ ಸಂಗ್ರಹಕಾರರಿಗೆ ಈ ಊರು ತೀರ್ಥಕ್ಷೇತ್ರವಿದ್ದ ಹಾಗೆ. ಒಂದು ತುಂಡು ಎತ್ತಿ ನೋಡಿದೆ. ಗಾತ್ರಕ್ಕೆ ಮೀರಿದ ಭಾರ. ಅಲ್ಲೇ ಬಿಟ್ಟು ಕೈ ತೊಳೆದುಕೊಂಡೆ. ನೀವೂ ಹಾಗೇ ಮಾಡಿ, ಅದರಲ್ಲಿ ಸೀಸ ಇದೆ.

ಊಟಕ್ಕೆ ಹಳೆಯ ಮೀನು ಮಾರ್ಕೆಟ್ಟಿನ ಕಡೆ ಹೋಗಿ. ಸುತ್ತ ಚಿಕ್ಕ ಹೋಟೆಲುಗಳಿವೆ. ಗವ್ರೊಸ್ ಅಂತ ಬೆರಳುದ್ದದ ಮೀನು, ಕರಾವಳಿಯವರ ಬೊಳಂಜೀರ್‌ನ ದಾಯಾದಿ. ಹಿಟ್ಟಲ್ಲಿ ಹೊರಳಿಸಿ ಕರಿದು ನಿಂಬೆಹಣ್ಣಿನ ಜೊತೆ ಕೊಡುತ್ತಾರೆ. ಮಸಾಲೆ ಇಲ್ಲ, ಖಾರ ಇಲ್ಲ. ಮೊದಲ ನಾಲ್ಕು ಮೀನಿಗೆ ಖಾರದ ಪುಡಿ ನೆನಪಾಯಿತು, ಆಮೇಲೆ ಮರೆತುಹೋಯಿತು. ತಪ್ಪು ಮಾಡಿದ್ದು ದೊಡ್ಡ ಮೀನಿನಲ್ಲಿ. ಮೆನುವಿನಲ್ಲಿ ಬರೆದಿದ್ದದ್ದು ಕಿಲೋ ರೇಟು, ನಾನು ಪ್ಲೇಟಿನದು ಅಂದುಕೊಂಡೆ. ಬಿಲ್ ಬಂದಾಗ ಗೆಳೆಯನ ಮುಖ ನೋಡಿದೆ. ಅವನು ಕಿಟಕಿ ನೋಡುತ್ತಿದ್ದ. ಬೇಯಿಸುವ ಮೊದಲು ತೂಕ ಹಾಕಿಸಿ, ಎಷ್ಟಾಗುತ್ತೆ ಅಂತ ಕೇಳಿ. ಅಲ್ಲಿ ಅದು ಜಿಪುಣತನ ಅಲ್ಲ, ಎಲ್ಲರೂ ಕೇಳುತ್ತಾರೆ.

ಶಾಕಾಹಾರಿಗೆ ತೊಂದರೆಯೇನೂ ಆಗಲಿಲ್ಲ. ಫಾವಾ ಅಂತ ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಟ್ಟರು. ಒಗ್ಗರಣೆ ಇಲ್ಲದ ತೊವ್ವೆ! ಜೊತೆಗೆ ಹೋರ್ತಾ ಅನ್ನುವ ಬೇಯಿಸಿದ ಬೆರಕೆ ಸೊಪ್ಪು. ಅವನು ಎರಡು ತಟ್ಟೆ ಖಾಲಿ ಮಾಡಿದ.

ಊಟದ ನಂತರ ಊರು ಮಲಗುತ್ತದೆ. ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಸೂನಿಯೊ ಇಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಸಮುದ್ರದ ಮೇಲಿನ ಸಮುದ್ರದೇವ ಪೊಸೈಡನ್‌ನ ಗುಡಿ, ಇಂಗ್ಲಿಷ್ ಕವಿ ಬೈರನ್ ಕೆತ್ತಿದ ಹೆಸರು, ಸೂರ್ಯಾಸ್ತ, ಎಲ್ಲ ಅಲ್ಲಿದೆ. ನಾವು ಅದನ್ನು ಬಿಟ್ಟೆವು. ಆ ಗುಡಿಯ ಕೆತ್ತನೆಯ ಕಲ್ಲುಗಳು ಲಾವ್ರಿಯೊದ ಪುರಾತತ್ವ ಮ್ಯೂಸಿಯಂನಲ್ಲೇ ಇವೆ, ಅವನ್ನು ನೋಡಿ ಸಮಾಧಾನ ಮಾಡಿಕೊಳ್ಳಬಹುದು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಥೊರಿಕೊಸ್ ಕೈತಪ್ಪುತ್ತದೆ.

ಥೊರಿಕೊಸ್ ಊರಿನಿಂದ ಉತ್ತರಕ್ಕೆ ಮೂರು ಕಿಲೋಮೀಟರ್ ಆಸುಪಾಸು. ನಡೆಯಬಹುದು ಅಂತ ಮ್ಯಾಪ್ ಹೇಳಿತು, ಮೇ ತಿಂಗಳ ಬಿಸಿಲು ಬೇಡ ಅಂದಿತು. ಟ್ಯಾಕ್ಸಿ ಮಾಡಿದೆವು. ವಿದ್ಯುತ್ ಸ್ಥಾವರದ ಚಿಮಣಿಗಳ ಪಕ್ಕದಲ್ಲೇ ವೆಲಾತೂರಿ ಅನ್ನುವ ಗುಡ್ಡ. ಅದರ ಬುಡದಲ್ಲಿ ಒಂದು ಬಯಲು ರಂಗಮಂದಿರ. ಗ್ರೀಕ್ ರಂಗಮಂದಿರ ಅಂದರೆ ಅರ್ಧಚಂದ್ರ ಅಲ್ವಾ? ಇದು ಹಾಗಿಲ್ಲ. ಉದ್ದಕ್ಕೆ ಎಳೆದ ಹಾಗೆ, ಎರಡು ಕೊನೆಯಲ್ಲಿ ಮಾತ್ರ ಬಾಗಿದೆ. ಗ್ರೀಸಿನ ಅತಿ ಹಳೆಯ ಕಲ್ಲಿನ ರಂಗಮಂದಿರಗಳಲ್ಲಿ ಇದೂ ಒಂದು. ನಾವಿಬ್ಬರು ಬಿಟ್ಟರೆ ಅಲ್ಲಿದ್ದದ್ದು ಒಂದಷ್ಟು ಓತಿಕ್ಯಾತಗಳು.

ನನಗೆ ಬೇಕಿದ್ದದ್ದು ಅದರ ಪಕ್ಕದಲ್ಲಿತ್ತು: ಅದಿರು ತೊಳೆಯುವ ಕಟ್ಟೆ. ಒಂದು ಕೊನೆಯಲ್ಲಿ ತೊಟ್ಟಿ, ಅದರ ಮುಂಗೋಡೆಯಲ್ಲಿ ಸಣ್ಣ ತೂತುಗಳು. ತೂತಿನಿಂದ ನೀರು ಚಿಮ್ಮಿ ಇಳಿಜಾರಿನ ಮೇಲೆ ಹರಿಯಬೇಕು. ಅಲ್ಲಿ ಪುಡಿ ಮಾಡಿದ ಅದಿರು. ಹಗುರ ಮಣ್ಣು ನೀರಿನ ಜೊತೆ ಹೋಗುತ್ತದೆ, ಸೀಸ ಬೆಳ್ಳಿ ಇರುವ ಭಾರದ ಪುಡಿ ಹಿಂದೆ ನಿಲ್ಲುತ್ತದೆ. ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತೇವಲ್ಲ, ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಇಲ್ಲಿ ಬೇಕಾದದ್ದು ಕಲ್ಲು. ಹರಿದ ನೀರು ಅಷ್ಟಕ್ಕೇ ಹೋಗಿಬಿಡುವ ಹಾಗಿಲ್ಲ. ಕಟ್ಟೆಯ ಸುತ್ತ ಕಾಲುವೆ ಇದೆ, ಮೂಲೆಗಳಲ್ಲಿ ಕೆಸರು ಕೂರಲು ಗುಂಡಿಗಳಿವೆ. ತಿಳಿಯಾದ ನೀರು ಸುತ್ತು ಹೊಡೆದು ಮತ್ತೆ ತೊಟ್ಟಿಯ ಹತ್ತಿರವೇ ಬರುತ್ತದೆ. ಮೊಗೆದು ಪುನಃ ಸುರಿಯುವುದು. ಕಾಲುವೆಯ ಗಾರೆ ಮುಟ್ಟಿದೆ. ಅಷ್ಟು ಹಳೆಯದು, ಇನ್ನೂ ನುಣುಪಾಗಿತ್ತು.

ಸಂಜೆ ನಾಲ್ಕೂವರೆ. ನಮ್ಮಲ್ಲಿ ಏಳು. ಅಪ್ಪನಿಗೆ ವಿಡಿಯೋ ಕಾಲ್ ಹಾಕಿದೆ. ಸಮುದ್ರ ತೋರಿಸಿದೆ, "ಹೂಂ" ಅಂದರು. ರಂಗಮಂದಿರ ತೋರಿಸಿದೆ, ಅದಕ್ಕೂ "ಹೂಂ". ಕಟ್ಟೆ ತೋರಿಸಿದಾಗ ಕನ್ನಡಕ ಹಾಕಿಕೊಂಡರು.

"ಇಳಿಜಾರು ಎಷ್ಟಿದೆ ನೋಡು. ಕೈ ಇಟ್ಟು ತೋರಿಸು."

ತೋರಿಸಿದೆ.

"ನೀರೆಲ್ಲಿಂದ ತರ್ತಿದ್ರು? ನಮಗೆ ಬೇತಮಂಗಲದಿಂದ ಪೈಪಲ್ಲಿ ಬರ್ತಿತ್ತು."

"ಮಳೆ ನೀರಪ್ಪ. ದೊಡ್ಡ ತೊಟ್ಟಿ ಕಟ್ಟಿ ಕೂಡಿಟ್ಕೋತಿದ್ರಂತೆ. ಹೊಳೆ ಇಲ್ಲ ಇಲ್ಲಿ."

ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಆ ಗುಂಡಿ ಇನ್ನೊಂದ್ಸಲ ತೋರಿಸು," ಅಂದರು. "ಕೆಸರು ಕೂರೋ ಗುಂಡಿ. ನಿಧಾನಕ್ಕೆ."