ಎಕ್ಸೆಲ್‌ನ ಕಸದ ಸಾಲುಗಳನ್ನು ಗುಡ್ಡೆ ಹಾಕಿ ಒಂದೇ ಏಟಿಗೆ ಡಿಲೀಟ್: ನನ್ನ ಅನುಭವ

ಎಕ್ಸೆಲ್ ಶೀಟಲ್ಲಿ ಬೇಡದ ಸಾಲು ತೆಗೆಯೋಕೆ "ಫಿಲ್ಟರ್ ಹಾಕಿ ಡಿಲೀಟ್ ಹೊಡೀರಿ ಸಾರ್" ಅಂತ ಎಲ್ಲರೂ ಹೇಳ್ತಾರೆ. ಐನೂರು ಸಾಲಿದ್ದರೆ ಸರಿ. ನನ್ನದು ಬೆಂಗಳೂರು ಚಿಕ್ಕಪೇಟೆ ಬಟ್ಟೆ ಹೋಲ್‌ಸೇಲ್ ಅಂಗಡಿಗಳ ಲೆಕ್ಕ. ಒಂದು ಪಾರ್ಟಿಯ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನೆಲ್ಲ ಒಂದೇ ಶೀಟಿಗೆ ಸುರಿದರೆ 60-70 ಸಾವಿರ ರೋ (ಸಾಲು). ಕಾಲುಭಾಗ ಬರೀ ಪೇಜ್ ಟೋಟಲ್, ಪುಟಪುಟಕ್ಕೂ ಹೆಡಿಂಗು, ಖಾಲಿ ಸಾಲು. ಫಿಲ್ಟರ್ ಮಾಡಿ ಡಿಲೀಟ್ ಒತ್ತಿದರೆ 'ನಾಟ್ ರೆಸ್ಪಾಂಡಿಂಗ್'. ಊಟ ಮುಗಿಸಿ ಬಂದರೂ ಅದೇ.

ಕಂಪ್ಯೂಟರ್ ಅಂಗಡಿಗಳಿರೋ ಎಸ್.ಪಿ. ರೋಡಲ್ಲಿ 8 ಜಿಬಿ ರ‍್ಯಾಮ್ ಹಾಕಿಸಿದೆ, ಎರಡು ಸಾವಿರದ ಮೇಲಾಯ್ತು, ಪ್ರಯೋಜನ ಇಲ್ಲ. ಒಬ್ಬ ಹುಡುಗ 1,500 ತಗೊಂಡು ಮ್ಯಾಕ್ರೋ (ಕೆಲಸವನ್ನ ತಾನೇ ಮಾಡೋ ಪುಟ್ಟ ಪ್ರೋಗ್ರಾಂ) ಬರೆದುಕೊಟ್ಟ. ಮೇಲಿಂದ ಕೆಳಕ್ಕೆ ಓಡೋದು. ಒಂದು ರೋ ಹೋದೊಡನೆ ಕೆಳಗಿನದು ಮೇಲೆ ಬರುತ್ತಲ್ಲ, ಜೋಡಿ ಕಸವಿದ್ದಲ್ಲಿ ಎರಡನೆಯದನ್ನ ಹಾರಿಸಿಬಿಡೋದು. ಕೆಳಗಿಂದ ಮೇಲಕ್ಕೆ ತಿರುಗಿಸಿಕೊಟ್ಟ. ಸರಿಹೋಯ್ತು, ಕಾಯೋದು ಮಾತ್ರ ತಪ್ಪಲಿಲ್ಲ. ಖಾಲಿ ಸೆಲ್‌ಗಳನ್ನೆಲ್ಲ ಒಟ್ಟಿಗೆ ಹಿಡಿಯೋ ಗೋ ಟು ಸ್ಪೆಷಲ್‌ನ ಬ್ಲ್ಯಾಂಕ್ಸ್ ಹಾಕಿ ರೋ ಅಳಿಸೋದನ್ನಂತೂ ಇಡೀ ಸ್ಟೇಟ್‌ಮೆಂಟಿಗೆ ಹಾಕಲೇಬೇಡಿ. ಪ್ರತಿ ಸಾಲಲ್ಲೂ ಡೆಬಿಟ್ಟೋ ಕ್ರೆಡಿಟ್ಟೋ ಒಂದು ಖಾಲಿ ಇದ್ದೇ ಇರುತ್ತೆ, ಎಲ್ಲಾ ಗುಡಿಸಿ ಹೋಗುತ್ತೆ.

ತಡ ಆಗೋದು ಕಸ ಸಾವಿರಾರು ಕಡೆ ಚೆದುರಿರೋದಕ್ಕೆ. ಅದನ್ನ ಒಂದೆಡೆ ಸೇರಿಸಬೇಕು. ಶೀಟಿನ ಕೊನೆಗೆ ಎರಡು ಕಾಲಂ ಹಾಕ್ತೀನಿ. ಒಂದರಲ್ಲಿ 1, 2, 3 ಅಂತ ಕ್ರಮಸಂಖ್ಯೆ. ಇನ್ನೊಂದರಲ್ಲಿ ಇಫ್ ಫಾರ್ಮುಲಾ: ತಾರೀಖು ಇಲ್ಲದಿದ್ದರೆ ಅಥವಾ 'ಟೋಟಲ್' ಅಂತಿದ್ದರೆ 1, ಇಲ್ಲದಿದ್ದರೆ 0. ಎರಡನ್ನೂ ಕಾಪಿ ಮಾಡಿ ವ್ಯಾಲ್ಯೂ ಆಗಿ ಪೇಸ್ಟ್. ಇದನ್ನ ಬಿಟ್ಟರೆ ಸಾರ್ಟ್ ಆದಮೇಲೆ ಫಾರ್ಮುಲಾ ಎಡವಟ್ಟು ಮಾಡಬಹುದು. ಆಮೇಲೆ 0-1ರ ಮೇಲೆ ಸಾರ್ಟ್, ಚಿಕ್ಕದರಿಂದ ದೊಡ್ಡದಕ್ಕೆ. ಕಸವೆಲ್ಲ ತಳಕ್ಕೆ ಒಂದೇ ಗುಡ್ಡೆ. ಸೆಲೆಕ್ಟ್ ಮಾಡಿ ಕಂಟ್ರೋಲ್ ಮೈನಸ್. ಕಣ್ಣು ಮಿಟುಕಿಸೋದರೊಳಗೆ ಹೋಯ್ತು. ಕ್ರಮಸಂಖ್ಯೆ ಮೇಲೆ ಮತ್ತೆ ಸಾರ್ಟ್ ಮಾಡಿದ್ರೆ ಮೊದಲಿದ್ದ ಕ್ರಮವೇ ವಾಪಸ್.

ಕೆಲವು 'ಖಾಲಿ' ಸೆಲ್‌ಗಳು ಖಾಲಿ ಇರಲ್ಲ. ಅಕ್ಷರ ಎಣಿಸೋ ಲೆನ್ ಫಾರ್ಮುಲಾ ಹಾಕಿದ್ರೆ 1 ಅನ್ನುತ್ತೆ. ಅದು ಸಾಮಾನ್ಯವಾಗಿ 160ನೇ ನಂಬರಿನ ಸ್ಪೇಸು, ಸ್ಪೇಸ್ ತೆಗೆಯೋ ಟ್ರಿಮ್ ಫಾರ್ಮುಲಾಗೂ ಬಗ್ಗಲ್ಲ. ಒಂದರ ಬದಲು ಇನ್ನೊಂದು ಹಾಕೋ ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ತೆಗೀಬೇಕು. ನರೇಶನ್ (ವ್ಯವಹಾರದ ವಿವರ) ಎರಡು ಸಾಲಿಗೆ ಒಡೆದಿದ್ದರೆ ಅಳಿಸೋ ಮುಂಚೆ ಮೇಲಿನ ಸಾಲಿಗೆ ಸೇರಿಸೋಕೆ ಒಂದು ಫಾರ್ಮುಲಾ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಚ್ಚಲ್ಲ. ಎಕ್ಸೆಲ್ ಬದಲು ಬಳಸೋ ಉಚಿತ ಲಿಬ್ರೆಆಫೀಸಲ್ಲೂ ಸುಮ್ಮನೆ ನೋಡಿದೆ, ಈ ಗುಡ್ಡೆ ಉಪಾಯ ಅಲ್ಲೂ ನಡೆಯುತ್ತೆ.

"ಸಾರ್ಟ್ ಮಾಡಿದ್ರೆ ಬ್ಯಾಲೆನ್ಸ್ ಕಲಸಿಹೋಗುತ್ತೆ" ಅಂತ ಆಡಿಟರ್ ಆಫೀಸಿನವರು ಮೂಗು ಮುರಿದಿದ್ದರು. ಓಪನಿಂಗಿಗೆ ಕ್ರೆಡಿಟ್ ಕೂಡಿಸಿ ಡೆಬಿಟ್ ಕಳೆದು ತೋರಿಸಿದೆ, ಕ್ಲೋಸಿಂಗ್ ಪೈಸೆ ಸಮೇತ ತಾಳೆ. ಈಗ ಅವರೇ ಫೈಲ್ ಕಳಿಸ್ತಾರೆ, ಫೈಲಿಗೆ 300 ರೂಪಾಯಿ.