ಬ್ಯಾಡಗಿ ಗೇಟಿನ ಸಣ್ಣ ಮಷೀನು, ತುಂಬಿ ತುಳುಕಿದ ಕ್ಯಾಶ್

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಮೆಣಸಿನಕಾಯಿ ಚೀಲದ ಬಾರ್‌ಕೋಡ್ ಓದಲು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೆ. ಅದರ ರ‍್ಯಾಮ್ 512 ಎಂಬಿ ಅಷ್ಟೇ. ಲಾಟಿನ ವಿವರ ಹುಬ್ಬಳ್ಳಿಯ ಸರ್ವರ್‌ನಲ್ಲಿ; ನೆಟ್‌ವರ್ಕ್ ನೆಚ್ಚುವಂತಿಲ್ಲ ಎಂದು ಒಮ್ಮೆ ತಂದದ್ದನ್ನು ರೆಡಿಸ್‌ನಲ್ಲಿ (ಮೆಮೊರಿಯಲ್ಲೇ ಮಾಹಿತಿ ಇಡುವ ತಂತ್ರಾಂಶ) ಕ್ಯಾಶ್ ಮಾಡುತ್ತಿದ್ದೆ, ಅಂದರೆ ಮತ್ತೆ ಬೇಗ ಸಿಗಲೆಂದು ಗೇಟಿನಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಸೀಸನ್ ಶುರುವಾಯಿತು ನೋಡಿ, ಫೋನು: "ಸರ, ಮಷೀನ್ ಮತ್ತ ನಿಂತೈತ್ರಿ, ಗಾಡಿ ಸಾಲಗಟ್ಟಿ ನಿಂತಾವು."

ತಪ್ಪು ನನ್ನದೇ. 64 ಬಿಟ್ ರೆಡಿಸ್‌ಗೆ ನಾವಾಗಿ ಮಿತಿ ಹಾಕದಿದ್ದರೆ ಮಿತಿಯೇ ಇಲ್ಲ. ಮೆಮೊರಿ ಮುಗಿದಾಗ ಮಷೀನಿನ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ರೆಡಿಸ್ ಅನ್ನೇ ಕೊಲ್ಲುತ್ತಿತ್ತು. ಮ್ಯಾಕ್ಸ್‌ಮೆಮೊರಿ, ಅಂದರೆ ಮೆಮೊರಿ ಮಿತಿ, 64 ಎಂಬಿ ಮಾಡಿ, ಬಹಳ ಹೊತ್ತಿನಿಂದ ಮುಟ್ಟದ್ದನ್ನು ಹೊರಹಾಕುವ ಎಲ್‌ಆರ್‌ಯು ನಿಯಮ ಹಾಕಿದೆ. ನಿಲ್ಲುವುದು ತಪ್ಪಿತು. ಆದರೆ ಬೆಳಿಗ್ಗೆ ಮಾತ್ರ ಒಂದೊಂದು ಸ್ಕ್ಯಾನಿಗೂ ಕಾಯಬೇಕು. ಇದು ತಲೆ ತಿಂದಿತು.

ರೆಡಿಸ್‌ನ ಇನ್ಫೋ ಸ್ಟ್ಯಾಟ್ಸ್ ಆದೇಶ ಕೊಡುವ ಹಿಟ್ (ಕ್ಯಾಶ್‌ನಲ್ಲಿ ಸಿಕ್ಕದ್ದು), ಮಿಸ್ (ಸಿಗದ್ದು) ಎಣಿಕೆಯನ್ನು ಗಂಟೆಗೊಮ್ಮೆ ಬರೆದಿಟ್ಟಾಗ ಕಳ್ಳ ಸಿಕ್ಕ: ರಾತ್ರಿಯ ಸ್ಟಾಕ್ ವರದಿ. ಅದು ಎಲ್ಲ ಲಾಟುಗಳನ್ನೂ ಒಂದೊಂದು ಸಲ ಮುಟ್ಟುತ್ತದೆ. ಎಲ್‌ಆರ್‌ಯು ನೋಡುವುದು ಕೊನೆಗೆ ಮುಟ್ಟಿದ್ದು ಯಾವಾಗ ಎಂದಷ್ಟೇ. ಹಾಗಾಗಿ ದಿನವಿಡೀ ಓಡಾಡುವ ಲಾಟುಗಳನ್ನು ದೂಡಿ, ಯಾರೂ ಕೇಳದ ಲಾಟುಗಳು ಕೂತುಬಿಡುತ್ತಿದ್ದವು. ರೆಡಿಸ್ 4.0ರಿಂದ ಇರುವ ಎಲ್‌ಎಫ್‌ಯು ಎಂಬ ಇನ್ನೊಂದು ನಿಯಮ ಎಷ್ಟು ಸಲ ಬಳಸಿದ್ದು ಎಂಬುದರ ಅಂದಾಜು ಲೆಕ್ಕ ಇಡುತ್ತದೆ. ಸೆಟ್ಟಿಂಗ್‌ನ ಒಂದು ಸಾಲು ಬದಲಿಸಿ ಅದನ್ನು ಹಾಕಿದೆ. ವರದಿಯನ್ನೂ ಕ್ಯಾಶ್ ಮುಟ್ಟದೆ ನೇರ ಸರ್ವರ್‌ನಿಂದ ಓದಿಸಿದೆ (ನಿಜ ಹೇಳಬೇಕೆಂದರೆ ಇದೊಂದೇ ಸಾಕಿತ್ತೇನೋ). ಬೆಳಗಿನ ಕಾಯುವಿಕೆ ಹೋಯಿತು.

ಜೊತೆಗೆ ಆರ್‌ಡಿಬಿ ಸ್ನ್ಯಾಪ್‌ಶಾಟ್ (ರೆಡಿಸ್ ಆಗಾಗ ತನ್ನ ಮಾಹಿತಿಯ ಪ್ರತಿಯನ್ನು ಕಾರ್ಡಿಗೆ ಬರೆಯುವುದು) ಬಂದ್ ಮಾಡಿದೆ: ಎಸ್‌ಡಿ ಕಾರ್ಡ್ ಸವೆಯುತ್ತದೆ, ಉಳಿಸುವಾಗ ಮೆಮೊರಿಯೂ ಹೆಚ್ಚು ಬೇಕು. ಕರೆಂಟ್ ಹೋದರೆ ಕ್ಯಾಶ್ ಖಾಲಿ. ಆಗಲಿ, ಮೂಲ ಹುಬ್ಬಳ್ಳಿಯಲ್ಲಿದೆ.