ಟಿವಿ ತೋರಿಸದ ರೇಸ್ ಫೋನಿನಲ್ಲಿದೆ

2024ರಲ್ಲಿ ಭಾರತದ ಫಾರ್ಮುಲಾ 1 ಕಾರ್ ರೇಸ್ ಪ್ರಸಾರ ಫ್ಯಾನ್‌ಕೋಡ್ ಆ್ಯಪ್‌ಗೆ ಬಂತು. ಆಗಿನಿಂದ ನನ್ನದು ಒಂದೇ ಅಭ್ಯಾಸ. ಟಿವಿಯಲ್ಲಿ ರೇಸ್, ಕೈಯಲ್ಲಿನ ಫೋನಿನಲ್ಲಿ ಲೈವ್ ಟೈಮಿಂಗ್, ಅಂದರೆ ಪ್ರತಿ ಕಾರಿನ ಸಮಯವನ್ನು ಆಗಿಂದಾಗಲೇ ತೋರಿಸುವ ಪಟ್ಟಿ. ಕ್ಯಾಮೆರಾ ಒಂದು ಸಲಕ್ಕೆ ಎರಡು ಮೂರು ಕಾರು ತೋರಿಸಬಹುದು, ಅಷ್ಟೇ ಅಲ್ವಾ? ಉಳಿದವರು ಏನು ಮಾಡ್ತಿದ್ದಾರೆ ಅನ್ನೋದು ಆ ಅಂಕಿಗಳಲ್ಲಿರುತ್ತದೆ.

ಬಣ್ಣಗಳನ್ನು ಬೇಗ ಕಲಿಯಬಹುದು. ಸೆಕ್ಟರ್ (ಟ್ರ್ಯಾಕ್‌ನ ಮೂರು ಭಾಗಗಳಲ್ಲಿ ಒಂದು) ನೇರಳೆ ಆದರೆ ಅಲ್ಲಿಯವರೆಗೆ ಎಲ್ಲರಿಗಿಂತ ವೇಗ. ಹಸಿರು ಅಂದರೆ ಆ ಡ್ರೈವರ್‌ನ ಸ್ವಂತ ಬೆಸ್ಟ್. ಹಳದಿ ಅಂದರೆ ಅದಕ್ಕಿಂತ ನಿಧಾನ. ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ಗೆ ಇಷ್ಟು ಸಾಕು. ರೇಸ್ ದಿನ ಮಾತ್ರ ನಾನು ಕಣ್ಣಿಡೋದು ಗ್ಯಾಪ್ ಕಾಲಂ ಮೇಲೆ, ಅಂದರೆ ಮೊದಲನೆಯವನಿಗಿಂತ ಎಷ್ಟು ಸೆಕೆಂಡ್ ಹಿಂದೆ ಅನ್ನೋದರ ಮೇಲೆ.

2024ರ ಇಟಲಿಯ ಮೊನ್ಝಾ ರೇಸ್ ತಗೊಳ್ಳಿ. 53 ಲ್ಯಾಪ್. ಫೆರಾರಿಯ ಲೆಕ್ಲೆರ್ 15ನೇ ಲ್ಯಾಪ್‌ನಲ್ಲಿ ಹೆಚ್ಚು ಬಾಳುವ ಹಾರ್ಡ್ ಟೈರ್ ಹಾಕಿಸಿಕೊಂಡವನು ಮತ್ತೆ ಟೈರ್ ಬದಲಿಸುವ ಪಿಟ್ ಕಡೆ ತಲೆ ಹಾಕಲಿಲ್ಲ. ಮೆಕ್‌ಲಾರೆನ್‌ನ ಪಿಯಾಸ್ಟ್ರಿ 38ನೇ ಲ್ಯಾಪ್‌ನಲ್ಲಿ ಎರಡನೇ ಸಲ ಟೈರ್ ಬದಲಿಸಿದ. ಹೊರಗೆ ಬಂದಾಗ ಲೆಕ್ಲೆರ್‌ಗಿಂತ ಸುಮಾರು 18 ಸೆಕೆಂಡ್ ಹಿಂದೆ. ಉಳಿದದ್ದು 15 ಲ್ಯಾಪ್. ಅಂದರೆ ಲ್ಯಾಪ್‌ಗೆ 1.2 ಸೆಕೆಂಡ್ ಕಡಿಮೆ ಮಾಡಬೇಕು. ನಡುವೆ ಲೆಕ್ಲೆರ್‌ನ ಫೆರಾರಿ ಜೊತೆಗಾರ ಸೈನ್ಸ್‌ನನ್ನು ಬೇರೆ ದಾಟಬೇಕು! ಅಲ್ಲಿಂದ ಪ್ರತಿ ಲ್ಯಾಪ್ ಮುಗಿದಾಗಲೂ ಅದೇ ಭಾಗಾಕಾರ. ಗ್ಯಾಪ್ ಎಷ್ಟು, ಲ್ಯಾಪ್ ಎಷ್ಟು. ಲೆಕ್ಲೆರ್ ಗೆದ್ದದ್ದು ಬರೀ 2.664 ಸೆಕೆಂಡ್‌ನಿಂದ. ಸುಮ್ನೆ ಟಿವಿ ನೋಡಿದವರಿಗೆ ಒಂಟಿಯಾಗಿ ಓಡುತ್ತಿದ್ದ ಕೆಂಪು ಕಾರು ಕಂಡಿರುತ್ತದೆ. ಲೆಕ್ಕ ಹಾಕುತ್ತಿದ್ದವರಿಗೆ ಕೊನೆಯ ಲ್ಯಾಪ್‌ವರೆಗೂ ಎದೆ ಢವಢವ.

ಒಂದು ತೊಂದರೆ ಇದೆ. ಯಾವ ಸ್ಟ್ರೀಮ್ ಆದರೂ ಟೈಮಿಂಗ್‌ಗಿಂತ ಹಿಂದೆಯೇ ಬರುತ್ತದೆ. ಓವರ್‌ಟೇಕ್ ಮೊದಲು ಫೋನಿನಲ್ಲಿ ಗೊತ್ತಾಗಿಬಿಟ್ಟರೆ ಮಜಾನೇ ಇರಲ್ಲ. ಅದಕ್ಕೆ ನಾನು ಎಫ್1 ಡ್ಯಾಶ್ ಅನ್ನೋ ಟೈಮಿಂಗ್ ವೆಬ್‌ಸೈಟ್ ಬಳಸುತ್ತೇನೆ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಅದರಲ್ಲಿ ಡಿಲೇ ಕೊಡಬಹುದು. ಫೋನಿನಲ್ಲಿ ಲ್ಯಾಪ್ ಸಂಖ್ಯೆ ಬದಲಾದ ಕ್ಷಣದಿಂದ ಟಿವಿಯಲ್ಲಿ ಬದಲಾಗುವವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸಿ, ಅಷ್ಟನ್ನು ಹಾಕುತ್ತೇನೆ. ಸ್ಟ್ರೀಮ್ ಬಫರ್ ಆದರೆ ಮತ್ತೆ ಎಣಿಸಬೇಕು. ಉಳಿದ ರೇಸಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ಆ ಹೊತ್ತು ಬಂದ್.

ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 (ಎಫ್2) ಟೈಮಿಂಗ್ ಕೂಡ ನೋಡಿ ಅಂತ ಗೆಳೆಯರಿಗೆಲ್ಲ ಹೇಳುತ್ತಿರುತ್ತೇನೆ. ಅಲ್ಲಿ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್‌ಗೆ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಸ್ಥಾನ ತಿರುವುಮುರುವು. ಹತ್ತನೆಯವನು ಎಲ್ಲರ ಮುಂದೆ ನಿಲ್ಲುತ್ತಾನೆ. 2025ರಲ್ಲಿ ಮೊನಾಕೊದ ಸ್ಪ್ರಿಂಟ್‌ನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊದಲ ಸಾಲಿನಿಂದ ಹೊರಟು ಗೆದ್ದದ್ದು ಹೀಗೆಯೇ. ಮೊನಾಕೊದಂಥ ಇಕ್ಕಟ್ಟಾದ ಟ್ರ್ಯಾಕ್‌ನಲ್ಲಿ ಮುಂದಿರುವವನನ್ನು ದಾಟೋದು ಬಲು ಕಷ್ಟ. ಹಾಗಾಗಿ ಎಫ್2 ಕ್ವಾಲಿಫೈಯಿಂಗ್ ನಡೆಯುವಾಗ ನಾನು ಮೊದಲು ಹುಡುಕೋದು ಟೈಮಿಂಗ್ ಪಟ್ಟಿಯ ಹತ್ತನೇ ಸ್ಥಾನವನ್ನು.